ಗಣಪತಿಯಿದ್ದ ಲಕೋಟೆ

ಸಿದ್ದವ್ವ ನೆಲ ನೋಡುತ್ತಲೇ ನಡೆಯುತ್ತಿದ್ದಳು. ನಾಚಿಕೆಯಿಂದಲ್ಲ, ದಾರಿಯಲ್ಲಿ ದೇವರು ಬಿದ್ದಿರಬಹುದೆಂಬ ಚಿಂತೆಯಿಂದ. ಊದಿನಕಡ್ಡಿ ಪಾಕೀಟಿನ ಗಣಪತಿ, ಹರಿದ ಕ್ಯಾಲೆಂಡರಿನ ಲಕ್ಷ್ಮಿ, ಯಾರು ಸಿಕ್ಕರೂ ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಳ್ಳುವಳು. ಬನಹಟ್ಟಿಯ ನಮ್ಮ ಓಣಿಯ ಹಳೇ ಮದುವೆ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ, ಅಮಾವಾಸ್ಯೆಗೆ ಹಿಪ್ಪರಗಿಗೆ ಹೋಗಿ ಕೃಷ್ಣೆಗೆ ಬಿಟ್ಟು ಬರುತ್ತಿದ್ದಳು. ನಾನು ಕಾನ್ವೆಂಟಿನಲ್ಲಿ ಕಲಿತವಳು, ಟೀಚರಾಗಿದ್ದವಳು. ಪೊಲ್ಯೂಷನ್ ಎಂದು ಲೆಕ್ಚರ್ ಕೊಟ್ಟೆ.

"ನಿಮ್ಮ ಸಿಸ್ಟರಗೋಳು ಹರದ ಏಸುನ ಫೋಟೋ ಎಲ್ಲಿ ಒಗೀತಿದ್ದರ್ರಿ, ಟೀಚರಬಾಯಿ?" ಎಂದಳು. ನಾನು ಟಾಪಿಕ್ ಚೇಂಜ್ ಮಾಡಿದೆ.

ಕೂತಲ್ಲಿ ಕೂರುವ ಜೀವವಲ್ಲ ಅದು. ವಯಸ್ಸಿನಲ್ಲಿ ಮಗ್ಗಕ್ಕೆ ನೂಲು ಸುತ್ತಿದ ಬಲಗೈ ಮಾತಾಡುವಾಗಲೂ ಗಾಳಿಯಲ್ಲಿ ರಾಟಿ ತಿರುವುತ್ತಿತ್ತು.

ಅವಳ ಮೊಮ್ಮಗಳು ರೂಪಾಳ ಗಂಡ ಕೆನಡಾದಲ್ಲಿ ಲಾರಿ ಓಡಿಸುತ್ತಾನೆ. ಮದುವೆಯಾಗಿ ವಾರ ಕಳೆಯುವಷ್ಟರಲ್ಲಿ ಹೊರಟುಹೋದ. ರೂಪಾ ಹೋಗಿ ಸೇರಲು ವೀಸಾಕ್ಕೆ ಹಾಕಿದ್ದಳು. ಒಂದು ದಿನ ಅಲ್ಲಿಂದ ಇಮೇಲ್ ಬಂತು: ಮದುವೆ ಸರ್ಟಿಫಿಕೇಟಿನ ಒರಿಜಿನಲ್ ಬೇಕು, ತಡಮಾಡಿದರೆ ಫೈಲ್ ಕ್ಲೋಸ್. ಹುಡುಗಿ ಮನೆಯನ್ನೆಲ್ಲ ತಲೆಕೆಳಗು ಮಾಡಿದಳು. ನಾನೂ ಕನ್ನಡಕ ಹಾಕಿಕೊಂಡು ಹಾಸಿಗೆ ಕೊಡವಿದೆ. ಸಿದ್ದವ್ವ ಮಾತ್ರ ತಟ್ಟನೆ ನಿಂತಳು.

"ಯಾತರಾಗ ಇಟ್ಟಿದ್ದೆವಾ?"

"ಉಳಿದ ಲಗ್ನಕಾರ್ಡಿನ ಲಕೋಟಿಯೊಳಗ, ಆಯಿ. ಗಟ್ಟಿ ಇತ್ತಂತ."

"ಮ್ಯಾಲ ಬಂಗಾರದ ಗಣಪ್ಪ ಇದ್ದನೇನು?"

"ಹೂಂ."

"ಹಂಗಾರ ಹುಡುಕಬ್ಯಾಡ್ರಿ."

ರೂಪಾ ಗೋಳೋ ಎಂದಳು. "ನಿನ್ನ ಗಣಪ್ಪ ನನ್ನ ಸಂಸಾರ ಮುಳುಗಿಸಿದ ನೋಡಬೇ!" ಸಿದ್ದವ್ವನ ಬಲಗೈ ಆಗ ಮೊದಲ ಬಾರಿ ಸುಮ್ಮನಾಯಿತು.

ನಕಲು ಕೊಡಲು ಮದುವೆ ನೋಂದಣಿ ಆಫೀಸಿನವರು, ಒರಿಜಿನಲ್ ಯಾರ ಕೈಯಿಂದ ಹೋಯಿತೋ ಅವರ ಅಫಿಡವಿಟ್ ಕೇಳಿದರು. ಮೂವರೂ ಜಮಖಂಡಿಗೆ ಹೋದೆವು. ವಕೀಲರು "ಸರ್ಟಿಫಿಕೇಟ್ ಕಳದೈತಿ ಅಂತ ಬರೀತೇನಿ, ಹೆಬ್ಬಟ್ಟ ಒತ್ತವಾ" ಅಂದರು.

"ಕಳದಿಲ್ಲರಿ ಸಾಹೇಬ್ರ. ನಾನ ಕೈಯಾರೆ ಹೊಳಿಗೆ ಬಿಟ್ಟೇನಿ."

"ಎಲ್ಲಾ ಒಂದ ಅಲ್ಲೇನಬೇ?"

"ಒಂದ ಹೆಂಗ ಆಕ್ಕೈತ್ರಿ? ಮಂದಿ ಅಪ್ಪನ ಅಸ್ತಿ ಹೊಳಿಗೆ ಬಿಟ್ಟು ಬಂದು, ಅಪ್ಪ ಕಳದಾನ ಅಂತಾರೇನು?"

ವಕೀಲರು ಪೆನ್ನು ಕೆಳಗಿಟ್ಟು ನಕ್ಕರು. ಕೊನೆಗೆ ಇಂಗ್ಲಿಷ್ ನಾನೇ ಹೇಳಿ ಬರೆಸಿದೆ: "ಇಮ್ಮರ್ಸ್ಡ್ ವಿತ್ ಡ್ಯೂ ರೆಸ್ಪೆಕ್ಟ್ ಇನ್ ದ ರಿವರ್ ಕೃಷ್ಣಾ." ರೂಪಾ ನನ್ನ ತೋಳು ಹಿಡಿದು ಎಳೆದಳು. "ಟೀಚರ್, ಕೆನಡಾದವ್ರು ನಗ್ತಾರ್ರಿ. ರಿಜೆಕ್ಟ್ ಮಾಡ್ತಾರ." ಆದರೆ ಅದನ್ನು ಓದಿ, 'ಮರ್ಯಾದೆಯಿಂದ ಕೃಷ್ಣೆಗೆ ಬಿಟ್ಟದ್ದು' ಎಂದು ಅರ್ಥ ಹೇಳುವವರೆಗೂ ಸಿದ್ದವ್ವನ ಹೆಬ್ಬೆರಳು ಮಸಿಗೆ ಇಳಿಯಲಿಲ್ಲ.

ನಕಲು ಸಿಕ್ಕಿತು, ಅಫಿಡವಿಟ್ಟಿನ ಜೊತೆ ಹೋಯಿತು. ಆಮೇಲೆ ಸುದ್ದಿಯೇ ಇಲ್ಲ. ರೂಪಾ ಮೊಬೈಲ್ ಹಿಡಿದು ಅಂಗಳಕ್ಕೂ ಅಟ್ಟಕ್ಕೂ ಓಡಾಡಿದರೆ, ಸಿದ್ದವ್ವ ತಮ್ಮ ಮನೆಗೂ ನನ್ನ ಮನೆಗೂ. ಈಗ ದಾರಿಯಲ್ಲಿ ಸಿಕ್ಕ ಪಾಕೀಟನ್ನೆಲ್ಲ ಬಿಚ್ಚಿ ಬೆರಳಾಡಿಸಿದ ಮೇಲೇ ಸೆರಗಿಗೆ ಕಟ್ಟುತ್ತಿದ್ದಳು. "ಒಳಗ ಯಾರ ಸಂಸಾರ ಐತೋ ಏನೋ."

ಕೊನೆಯ ಸಲ ಬಂದಾಗ ಏದುಸಿರು. ಹೊಸ್ತಿಲಲ್ಲೇ ನಿಂತು ಕೇಳಿದಳು: "ಕೆನಡಾದವ್ರು ಓದಿದ್ರಂತೇನ್ರಿ?"

"ಇನ್ನೂ ಇಲ್ಲ ಸಿದ್ದವ್ವ. ಕೂತುಕೋ, ಟೀ ಮಾಡ್ತೀನಿ."

"ಖರೇ ಬರಿಸಿ ಹುಡುಗಿಗೆ ಕೇಡ ಮಾಡಿದ್ನೇನ್ರಿ?"

"ಛೆ, ಇಲ್ಲ" ಎಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ. ಅವಳು ಟೀಗೆ ನಿಲ್ಲಲಿಲ್ಲ.

ಆ ವಾರವೇ ತೀರಿಕೊಂಡಳು. ಶಿವಗಣಾರಾಧನೆಯ ಪಾತ್ರೆಗಳನ್ನು ತೊಳೆದಿಡುತ್ತಿರುವಾಗ ರೂಪಾಳ ಮೊಬೈಲ್ ಸದ್ದು ಮಾಡಿತು. ವೀಸಾ ಆಗಿತ್ತು. ಹೊಳೆಯ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ.

ರೂಪಾ ಹೋದಳು. ಓಣಿಯವರು ಹಳೇ ಕಾರ್ಡುಗಳನ್ನು ನನ್ನ ಕಟ್ಟೆಯ ಮೇಲಿಡತೊಡಗಿದರು. ಹೋದ ಅಮಾವಾಸ್ಯೆಗೆ ಆಟೋ ಮಾಡಿಕೊಂಡು ನಾನೇ ಹಿಪ್ಪರಗಿಗೆ ಹೋದೆ. ಲೆಕ್ಚರ್ ಕೊಟ್ಟಿದ್ದ ಬಾಯಿ ಮುಚ್ಚಿಕೊಂಡು ಒಂದೊಂದನ್ನೂ ಬಿಚ್ಚಿ, ಬೆರಳಾಡಿಸಿ, ನೀರಿಗೆ ಬಿಟ್ಟೆ. ಕೊನೆಗೆ ಉಳಿದದ್ದು ಸಿದ್ದವ್ವನ ಶಿವಗಣಾರಾಧನೆಯ ಕಾರ್ಡು. ಮೇಲೆ ಶಿವ, ಕೆಳಗೆ ಅವಳ ಫೋಟೋ, ಅಪರೂಪಕ್ಕೆ ತಲೆ ಎತ್ತಿ ನೋಡುತ್ತಿದ್ದಾಳೆ. ಅವಳ ರೂಲಿನ ಪ್ರಕಾರ ಅದೂ ಹೊಳೆಗೆ ಹೋಗಬೇಕು.

ಆಟೋದವ ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಕಾರ್ಡನ್ನು ಪರ್ಸಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು.