ಮೊದಲ ಸಾಲಿನ ಹೆಸರು

ಆಫೀಸಿಗೆಲ್ಲ ಅವಳು ಬೋರ್ಡಕ್ಕ. ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಯಾರ ಕೆಲಸ ಎಷ್ಟು ದಿನ ತಡವಾಗಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡನ್ನು ಕಂಪ್ಯೂಟರಿನಲ್ಲಿ ಕಟ್ಟುವವಳು ಅವಳೇ. ಸೋಮವಾರ ಹತ್ತು ಗಂಟೆಗೆ ಅದು ಸಾಹೇಬರ ಕೋಣೆಯ ಪರದೆಯ ಮೇಲೆ ತಾನಾಗಿ ಮೂಡುತ್ತಿತ್ತು. ಹೆಚ್ಚು ತಡ ಮಾಡಿದವರ ಹೆಸರು ಎಲ್ಲಕ್ಕಿಂತ ಮೇಲೆ, ಕೆಂಪಗೆ. ಹೋದ ವಾರ ಹಾಗೆ ಮೇಲಿದ್ದವನು ಒಳಗೆ ಹೋಗಿ ಬಂದವನೇ ತನ್ನ ಡ್ರಾಯರ್ ಖಾಲಿ ಮಾಡಿದ್ದ.

ಈ ಸೋಮವಾರ ಹತ್ತಕ್ಕೆ ಐದು ನಿಮಿಷವಿದ್ದಾಗ ಅವಳಿಗೆ ಥಟ್ಟನೆ ನೆನಪಾಯಿತು. ಯಾರಿಗೂ ವಹಿಸದ ನಲವತ್ತು ಹಳೆಯ ಕೆಲಸಗಳು ಅನಾಥವಾಗಿ ಬಿದ್ದಿದ್ದವು. ಡ್ಯಾಶ್‌ಬೋರ್ಡ್ ಸರಿಯಾಗಿ ಮೂಡುತ್ತದೋ ಇಲ್ಲವೋ ನೋಡೋಣವೆಂದು ಶುಕ್ರವಾರ ಅವಕ್ಕೆಲ್ಲ ತನ್ನ ಹೆಸರನ್ನೇ ಹಾಕಿದ್ದಳು. ತೆಗೆಯಲು ಮರೆತಿದ್ದಳು.

ಹೆಸರನ್ನು ಒಂದೊಂದಾಗಿ ಅಳಿಸತೊಡಗಿದಳು.

"ಯಾಕಕ್ಕ, ಫ್ಯಾನ್ ಕೆಳಗೆ ಕೂತೂ ಬೆವರ್ತಿದೀರಾ?" ಎಂದಳು ಪಕ್ಕದ ಟೈಪಿಸ್ಟ್.

ಇನ್ನೂ ಇಪ್ಪತ್ತಾರು ಉಳಿದಿರುವಾಗಲೇ ಹತ್ತು ಹೊಡೆಯಿತು.

ಸಾಹೇಬರ ಕೋಣೆಯಿಂದ ಮುದಿ ಅಟೆಂಡರ್ ಚೀಟಿ ಹಿಡಿದು ಹೊರಬಂದ. ಒಂದೊಂದೇ ಮೇಜಿನ ಬಳಿ ನಿಂತು ವಿಚಾರಿಸಿದ. ಎಲ್ಲರೂ ಗೊತ್ತಿಲ್ಲವೆಂದು ತಲೆಯಾಡಿಸಿದರು. ಕೊನೆಗೆ ಇವಳ ಮುಂದೆ ಬಂದು ಚೀಟಿ ಚಾಚಿದ.

"ಬೋರ್ಡಕ್ಕ, ಈ ಹೆಸರಿನೋರು ಯಾರು? ನೀವಾದ್ರೂ ಸ್ವಲ್ಪ ತೋರಿಸ್ಬಿಡಿ."