ಸಾವಿತ್ರಮ್ಮನ ಎಡಗೈ

ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಸಾವಿತ್ರಮ್ಮನ ಜೊತೆ ಚೌಕಾಸಿಗಿಳಿದು ಗೆದ್ದವರು ಇನ್ನೂ ಹುಟ್ಟಬೇಕು. ಗಡ್ಡೆಯೊಂದನ್ನು ಅಂಗೈಯಲ್ಲಿಟ್ಟು ಅದುಮಿ ನೋಡಿದರೆ ಸಾಕು, ಒಳಗೆ ಕೊಳೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. "ಏನಪ್ಪಾ ಲಕ್ಕಣ್ಣ, ಚೀಲದ ಬಾಯಲ್ಲಿ ಮದುಮಗನ್ನ ಕೂರಿಸಿ ತಳದಲ್ಲಿ ಮುದುಕನ್ನ ಮಲಗಿಸಿದ್ದೀಯಲ್ಲೋ!" ಎಂದರೆ ಇಡೀ ಮಂಡಿ ನಗುತ್ತಿತ್ತು. ಲಕ್ಕಣ್ಣನೂ ನಗುತ್ತಿದ್ದ, ಆಮೇಲೆ ಬೆಲೆ ಇಳಿಸುತ್ತಿದ್ದ. ಗಂಡ ತೀರ್ಥಪ್ಪ ಮೂಲೆಯ ಮೇಜಿನಲ್ಲಿ ಕೂತು ಚೀಟಿ ಬರೆಯುತ್ತಿದ್ದರು. ಮಾತೆಲ್ಲ ಹೆಂಡತಿಗೆ ಬಿಟ್ಟುಕೊಟ್ಟ ಮನುಷ್ಯ. ಮನೆಯಲ್ಲೂ ಹಾಗೆಯೇ.

ಇಂಥ ಸಾವಿತ್ರಮ್ಮ ಬಾಯಿಗೆ ಬೀಗ ಹಾಕಿ ಕೂರುತ್ತಿದ್ದುದು ಲಿಂಗಪೂಜೆಗೆ ಮಾತ್ರ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟುಕೊಳ್ಳುವರು. ಬಲಗೈಯಿಂದ ನೀರು, ವಿಭೂತಿ, ಪತ್ರೆ. ಆಮೇಲೆ ಅಂಗೈಯನ್ನು ಕಣ್ಣಿನತ್ತ ವಾಲಿಸಿ, ರೆಪ್ಪೆ ಬಡಿಯದೆ ನೋಡುತ್ತ ಕೂತರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವ ಪೈಕಿಯಲ್ಲ. ಬುಕ್ಕಾಂಬುಧಿಯ ತವರಿನಲ್ಲಿ ದೀಕ್ಷೆಯಾದಂದಿನಿಂದ ನಡೆದು ಬಂದದ್ದು ಅದು. ಹೆರಿಗೆಯ ಮರುದಿನವೂ ತಪ್ಪಿಸಿರಲಿಲ್ಲ.

ಅದೇ ಎಡಗೈ ನಡುಗತೊಡಗಿತು. ಮೊದಲು ಕಾಫಿ ಲೋಟ ತುಳುಕಿತು. "ವಯಸ್ಸಾದ್ಮೇಲೆ ಕೈಗೆ ಕುಣಿಯೋ ಆಸೆ ಬಂದೈತೆ ಕಣ್ರೀ" ಎಂದು ತಾವೇ ತಮಾಷೆ ಮಾಡಿಕೊಂಡರು. ಕಡೂರಿನ ಡಾಕ್ಟರು ಇದು ನರದ ನಡುಕ, ಪ್ರಾಣಕ್ಕೇನೂ ಇಲ್ಲ ಎಂದರು. ಅವರು ಕೊಟ್ಟ ಮಾತ್ರೆ ನುಂಗಿದರೆ ತಲೆ ಗಿರ್ರೆನ್ನುತ್ತಿತ್ತು. ಒಂದು ಬೆಳಿಗ್ಗೆ ಪೂಜೆಯ ನಡುವೆ ಅಂಗೈ ಜೋರಾಗಿ ಅದುರಿ ಲಿಂಗ ಜಾರಿತು. ಪುಣ್ಯಕ್ಕೆ ನೆಲ ಮುಟ್ಟಲಿಲ್ಲ, ಸೀರೆಯ ಮಡಿಲಲ್ಲಿ ನಿಂತಿತು. ಆದರೆ ಸಾವಿತ್ರಮ್ಮನ ಜೀವ ಬಾಯಿಗೆ ಬಂದಿತ್ತು.

ಅಂದಿನಿಂದ ಲಿಂಗವನ್ನು ಪುಟ್ಟ ಮಣೆಯ ಮೇಲಿಟ್ಟು ಪೂಜಿಸತೊಡಗಿದರು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಕಟ್ಟಿಕೊಂಡ ಗಂಡನಾದರೂ ಹಿಡಿದುಕೊಡುವ ಹಾಗಿಲ್ಲ. "ಶಿವನ್ನ ಹೊರದೇ ಇದ್ಮೇಲೆ ಈ ಅಂಗೈ ಯಾತಕ್ರೀ? ಈರುಳ್ಳಿ ಅದುಮೋಕಾ?" ಎಂದು ಒಂದು ದಿನ ಬಿಕ್ಕಿಬಿಕ್ಕಿ ಅತ್ತರು. ಹೆಂಡತಿ ಅತ್ತದ್ದನ್ನು ಕಂಡು ರೂಢಿಯಿಲ್ಲದ ತೀರ್ಥಪ್ಪ ಕೈಕಾಲಾಡದೆ ಕೂತುಬಿಟ್ಟರು.

ತರೀಕೆರೆಯಲ್ಲಿದ್ದ ತಂಗಿಯ ಮಗಳು ಅಶ್ವಿನಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ವಿಷಯ ಕೇಳಿ ಒಂದು ಭಾನುವಾರ ಬಂದವಳೇ ಚೀಲದಿಂದ ಗಾಜಿನ ಬಾಟಲಿ ತೆಗೆದಳು. ಅದರಲ್ಲಿ ಕರ್ರಗಿನ ಎಣ್ಣೆ, ಎಣ್ಣೆಯೊಳಗೆ ಹಿಟ್ಟಿನಷ್ಟು ನುಣುಪಾದ ಕಬ್ಬಿಣದ ಪುಡಿ. ಪ್ಲಾಸ್ಟಿಕ್ ಚಮಚ ಹಾಕಿದರೆ ಸಲೀಸಾಗಿ ತಿರುಗಿತು. ಬಾಟಲಿಗೆ ಅಯಸ್ಕಾಂತ ಒತ್ತಿ ಹಿಡಿದಳು. ಚಮಚ ನೆಟ್ಟ ಹಾಗೆ ನಿಂತಿತು. ಅಯಸ್ಕಾಂತ ತೆಗೆದಳು, ಮತ್ತೆ ತಿರುಗಿತು.

"ಅಂಬಲಿ ಮುದ್ದೆ ಆಗೋದನ್ನ ದಿನಾ ನೋಡ್ತೀನಿ. ಮುದ್ದೆ ತಿರುಗಿ ಅಂಬಲಿ ಆಗಿದ್ದು ಇದೇ ಮೊದ್ಲು ಕಣೇ!" ಎಂದರು ಸಾವಿತ್ರಮ್ಮ.

"ಅಯಸ್ಕಾಂತ ಹತ್ರ ಬಂದ್ರೆ ಪುಡಿ ಸಾಲುಗಟ್ಟಿ ಒಂದನ್ನೊಂದು ಹಿಡ್ಕೊಳುತ್ತೆ ದೊಡ್ಡಮ್ಮಾ, ಎಣ್ಣೆ ಗಟ್ಟಿಯಾಗುತ್ತೆ. ಇದನ್ನೇ ಚಿಕ್ಕ ಡಬ್ಬೀಲಿ ತುಂಬಿ ಮಣಿಕಟ್ಟಿಗೆ ಕಟ್ಟೋ ಪಟ್ಟಿ ಮಾಡಿದ್ದೀವಿ. ಕೈ ನಡುಗಿದ್ದು ಗೊತ್ತಾದ ತಕ್ಷಣ ಡಬ್ಬಿಗೆ ಕರೆಂಟ್ ಹೋಗಿ ಅದೇ ಅಯಸ್ಕಾಂತ ಆಗುತ್ತೆ, ನಡುಕ ಹಿಡಿದು ನಿಲ್ಲಿಸುತ್ತೆ. ನೀವು ನಿಧಾನಕ್ಕೆ ಕೈ ಆಡ್ಸಿದ್ರೆ ಸಡಿಲ ಬಿಡುತ್ತೆ."

"ಚರ್ಮಗಿರ್ಮ ಹಾಕಿದ್ದೀರೇನೇ ಪಟ್ಟಿಗೆ?"

"ಇಲ್ಲ ದೊಡ್ಡಮ್ಮಾ, ಬರೀ ಬಟ್ಟೆ."

ತೀರ್ಥಪ್ಪ ಮೆಲ್ಲಗೆ ಬಾಯಿ ಬಿಟ್ಟರು. "ಮಠದ ಅಯ್ಯನೋರನ್ನ ಒಂದ್ಮಾತು ಕೇಳೋಣ್ವಾ?"

"ಯಾಕ್ರೀ, ಅಯ್ಯನೋರ ಕೈ ನಡುಗ್ತಾ ಇದ್ಯಾ? ನಡುಗ್ತಿರೋದು ನಂದು. ಪಟ್ಟಿ ಮುಟ್ಟೋದು ನನ್ನ ಕೈನ, ಲಿಂಗನ ಅಲ್ಲ. ಆಯ್ತಲ್ಲ?" ಎಂದು ಸಾವಿತ್ರಮ್ಮ ತೀರ್ಪು ಕೊಟ್ಟೇಬಿಟ್ಟರು.

ಮಾಗಿಯ ಚಳಿ. ಬೆಳಗಿನ ಬಸ್ಸಿಗೆ ಸ್ವೆಟರ್ ತೊಟ್ಟು ಹೊರಟು ಅಶ್ವಿನಿಯ ಕಾಲೇಜು ಸೇರಿದರು. ಸ್ವೆಟರಿನ ತೋಳಿನ ಮೇಲೆಯೇ ಪಟ್ಟಿ ಬಿಗಿದು, ಅಲ್ಲಿನವರು ಅಂಗೈಯ ಮೇಲೆ ನಿಂಬೆಹಣ್ಣು ಇಟ್ಟರು. ಹಣ್ಣು ಕದಲಲಿಲ್ಲ. ಸಾವಿತ್ರಮ್ಮ ಅಂಗೈ ವಾಲಿಸಿದರು, ಮಣಿಕಟ್ಟು ಬೆಣ್ಣೆಯ ಹಾಗೆ ಮಣಿಯಿತು. ಸುತ್ತ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿ, "ಏನ್ ನೋಡ್ತೀರಾ? ಇನ್ನೊಂದು ಹಣ್ಣು ಇಡ್ರಪ್ಪಾ!" ಎಂದರು. ಪಟ್ಟಿಯನ್ನು ಕೆಲವು ದಿನ ಮನೆಯಲ್ಲಿ ಕಟ್ಟಿ ನೋಡಲು ಕಾಲೇಜಿನವರು ಕೊಟ್ಟು ಕಳಿಸಿದರು.

ಮರುದಿನ ಸ್ನಾನ ಮಾಡಿ, ಪಟ್ಟಿ ಕಟ್ಟಿ, ಮಡಿಲಿಗೆ ಶಾಲು ಹಾಸಿ, ಶಿವನ ಹೆಸರು ಹೇಳಿ ಲಿಂಗವನ್ನು ಅಂಗೈಗೆ ತಂದರು. ಕೈ ಕಟ್ಟಿಗೆಯಾಯಿತು. ಕಣ್ಣಿನತ್ತ ವಾಲಿಸಲು ಹೋದರೆ ಮಣಿಕಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಬಲವಾಗಿ ಎಳೆದರು. ಪಟ್ಟಿ ಥಟ್ಟನೆ ಸಡಿಲ ಬಿಟ್ಟಿತು, ಲಿಂಗ ಹಾರಿ ಶಾಲಿನ ಮೇಲೆ ಬಿತ್ತು. ಎರಡನೆಯ ಸಲ! ಸಾವಿತ್ರಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿ, ನೇರ ಅಶ್ವಿನಿಗೆ ಫೋನ್ ಹಚ್ಚಿದರು.

"ಲೇ, ನಿನ್ನ ಮುದ್ದೆ ಗಂಟಲಿಗೆ ಸಿಕ್ಕಾಕ್ಕೊಂತು ಕಣೇ!"

ಅಶ್ವಿನಿ ಗಾಬರಿಯಿಂದ ವಿಡಿಯೋ ಕರೆ ಮಾಡಿದಳು. ತೀರ್ಥಪ್ಪ ಫೋನ್ ಹಿಡಿದರು, ಸಾವಿತ್ರಮ್ಮ ಕೈ ಎತ್ತಿ ತೋರಿಸಿದರು. "ಅದೇನ್ ಸದ್ದು ದೊಡ್ಡಮ್ಮಾ?"

"ಯಾವ ಸದ್ದು? ಬಳೆ ಕಣೇ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಅವತ್ತು ಬಳೆ ಎಲ್ಲ ಸ್ವೆಟರಿನೊಳಗೆ ಅಮುಕ್ಕೊಂಡಿದ್ವು. ಈಗ ಡಬ್ಬಿಗೆ ಬಡೀತಾ ಇದಾವೆ. ಅದನ್ನೇ ನಡುಕ ಅಂದ್ಕೊಂಡು ಪಟ್ಟಿ ಬಿಗಿ ಹಿಡೀತಿದೆ. ನಮ್ಮಲ್ಲಿ ಕೈತುಂಬ ಗಾಜಿನ ಬಳೆ ತೊಟ್ಟು ಯಾರೂ ಇದನ್ನ ಕಟ್ಕೊಂಡಿರ್ಲಿಲ್ಲ. ಸ್ವೆಟರ್ ಹಾಕ್ಕೊಂಡೇ ಕೂತ್ಕೊಳ್ಳಿ, ಸರಿಹೋಗುತ್ತೆ."

"ಶಿವನ ಮುಂದೆ ಸ್ವೆಟರ್ ಹಾಕ್ಕೊಂಡು ಕೂರೋಕೆ ನಾನೇನು ಬಸ್ಸಿಗೆ ಕಾಯ್ತಾ ಇದ್ದೀನೇನೇ?"

"ಹಾಗಾದ್ರೆ ಎಡಗೈ ಬಳೆ ತೆಗೀಬೇಕಾಗುತ್ತೆ ದೊಡ್ಡಮ್ಮಾ" ಎಂದು ಅಶ್ವಿನಿ ತಡವರಿಸುತ್ತಲೇ ಹೇಳಿದಳು.

ಯಾರಿಗೂ ಸೊಪ್ಪು ಹಾಕದ ಸಾವಿತ್ರಮ್ಮ ಆ ಮಾತಿಗೆ ನಿಜವಾಗಿ ಹೆದರಿದರು. ಅಪ್ಪ ತೀರಿಕೊಂಡ ದಿನ ನಾಲ್ಕು ಜನ ಸೇರಿ ಅವ್ವನ ಕೈ ಹಿಡಿದು ಬಳೆ ಒಡೆದದ್ದನ್ನು ಅವರು ಬಾಗಿಲ ಸಂದಿಯಿಂದ ನೋಡಿದ್ದರು. ಈಗ ಗಂಡ ಗುಂಡುಕಲ್ಲಿನ ಹಾಗಿರುವಾಗ ಕೈ ಬೋಳು ಮಾಡಿಕೊಳ್ಳುವುದೇ? ತೆಗೆಯೋಣವೆಂದರೂ ಬಲಗೈಯೂ ಸ್ವಲ್ಪ ಅದುರುತ್ತದೆ. ತೆಗೆಯಲು ಹೋಗಿ ಒಂದು ಚೂರಾದರೆ? "ಬೇಡ. ಮಣೆ ಮೇಲೇ ಇರ್ಲಿ ಬಿಡು" ಎಂದು ಫೋನ್ ಇಡಿಸಿಬಿಟ್ಟರು.

ತೀರ್ಥಪ್ಪ ಎದ್ದು ಬಚ್ಚಲಿಗೆ ಹೋದರು. ಬೋಗುಣಿಯಲ್ಲಿ ನೀರು, ಸೋಪು ತಂದು ಹೆಂಡತಿಯ ಎದುರು ಚಕ್ಕಂಬಕ್ಕಳ ಹಾಕಿ ಕೂತರು. "ಕೈ ಕೊಡು."

"ಅಪಶಕುನ ರೀ!"

"ನಿನ್ನ ಮುಂದೇನೇ ಕೂತಿದ್ದೀನಿ. ನಾನು ಬದುಕಿದ್ದೀನಿ ಅನ್ನೋಕೆ ಗಾಜು ಬಂದು ಸಾಕ್ಷಿ ಹೇಳ್ಬೇಕೇನೇ? ಎಡಗೈದು ಬಲಗೈಗೆ ಏರ್ಸೋಣ. ಕೊಡು ಅಂದೆ."

ಮದುವೆಯಾದಾಗಿನಿಂದ ತೀರ್ಥಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ. ಸಾವಿತ್ರಮ್ಮ ಕೈ ಚಾಚಿದರು. ಅವರು ಸೋಪು ನೀರು ಸವರಿ, ನಡುಗುವ ಆ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದು, ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಜಾರಿಸಿದ್ದನ್ನು ಕೆಳಗಿಡದೆ ಹಾಗೆಯೇ ಬಲಗೈಗೆ ಏರಿಸಿದರು. ಸಾವಿತ್ರಮ್ಮ ಕಣ್ಣು ಮುಚ್ಚಿ ಕೂತಿದ್ದರು, ಗಾಜು ಚಟ್ಟೆನ್ನುವ ಸದ್ದಿಗೆ ಕಿವಿ ಕೊಟ್ಟು. ಆ ಸದ್ದು ಬರಲೇ ಇಲ್ಲ.

ಮತ್ತೆ ಪಟ್ಟಿ ಕಟ್ಟಿದರು. ಲಿಂಗವನ್ನು ಅಂಗೈಗೆ ತಂದರು. ಕೈ ನಿಂತಿತು. ವಾಲಿಸಿದರೆ ವಾಲಿತು. ಬಲಗೈ ನೀರೆರೆಯುವಾಗ ಎರಡು ಕೈಯ ಬಳೆಗಳೂ ಒಂದೇ ಕೈಯಲ್ಲಿ ಗಲಗಲ ಎಂದವು, ಎಡಗೈಗೆ ಅದರ ಪರಿವೆಯೇ ಇಲ್ಲ. "ಬಂದೆಯಾ ನನ್ನಪ್ಪಾ" ಎಂದರು ಸಾವಿತ್ರಮ್ಮ. ಕಣ್ಣೀರು ಧಾರಾಕಾರ ಹರಿಯಿತು, ಒರೆಸಿಕೊಳ್ಳಲು ಹೋಗಲಿಲ್ಲ.

ಅವತ್ತು ಬಳೆಗಳನ್ನು ಬಲಗೈಯಲ್ಲೇ ಬಿಟ್ಟು ಮಂಡಿಗೆ ಹೋದಾಗ ಪಕ್ಕದ ಅಂಗಡಿಯ ಸೀತಾದೇವಿ ಗದ್ದಕ್ಕೆ ಕೈಯಿಟ್ಟರು. "ಇದೇನ್ರೀ ಸಾವಿತ್ರಮ್ಮ, ಮುತ್ತೈದೆ ಎಡಗೈ ಬೋಳು!"

ಸಾವಿತ್ರಮ್ಮ ಎಡಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ಎಲ್ಲರ ಬಳೆ ಗಂಡ ಹೋದ್ಮೇಲೆ ಊರೋರು ಒಡೀತಾರೆ ಸೀತಾದೇವಿ. ನಂದು ನಮ್ಮನೆಯವ್ರೇ ತೆಗ್ದ್ರು, ಎದುರಿಗೆ ಕೂತು, ಒಂದೂ ಒಡೀದಂಗೆ. ನಾಳೆ ಅವರಿಗೇನಾದ್ರೂ ಆದ್ರೆ ಈ ಕೈಯಲ್ಲಿ ಒಡೆಯೋಕೆ ಯಾರಿಗೂ ಏನೂ ಸಿಗಲ್ಲ. ಅಲ್ಲಿ ಶಿವ ಕೂತಿರ್ತಾನೆ."

ಮೂಲೆಯ ಮೇಜಿನಲ್ಲಿ ತೀರ್ಥಪ್ಪ ತಲೆ ತಗ್ಗಿಸಿ, ಬರೆದ ಚೀಟಿಯನ್ನೇ ಮತ್ತೊಮ್ಮೆ ಬರೆಯುತ್ತಿದ್ದರು.