ಕಸಬರಿಗೆ ಸವೆಯುವ ಮನೆ

ಇವತ್ತು ಬೆಳಿಗ್ಗೆ ಅಂಗಳ ಗುಡಿಸಲು ಕಸಬರಿಗೆ ಹಿಡಿದರೆ ಮುಷ್ಟಿ ತುಂಬಲಿಲ್ಲ. ತಂದು ಬಹಳ ದಿನವಾಗಿಲ್ಲ, ಆಗಲೇ ಬಡಕಲಾಗಿದೆ. ನಿಮ್ಮ ಮನೆಯಲ್ಲಿ ಕಸಬರಿಗೆ ನೆಲಕ್ಕೆ ತಿಕ್ಕಿ ಸವೆಯುತ್ತಿರಬಹುದು. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಅದು ಸವೆಯುವುದು ಕಾರಿನಿಂದ.

ನಮ್ಮ ಮನೆಯವರು ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದರು. ಹಿಮ ಬೀಳುವ ಕಡೆ ಬಹಳ ವರ್ಷ ಲಾರಿ ಓಡಿಸಿದರು. ಅಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಾರಂತೆ. ಆ ಉಪ್ಪುನೀರು ಗಾಡಿಯ ಹೊಟ್ಟೆಗೆ ಸಿಡಿದು ಕಬ್ಬಿಣವನ್ನು ಕೆಳಗಿನಿಂದ ತಿನ್ನುತ್ತದಂತೆ. ಒಮ್ಮೆ ಜೊತೆಗಾರನ ಗಾಡಿ ಹತ್ತಿ ಕಾಲೂರಿದರೆ ತಳವೇ ಕುಸಿದು, ಬೂಟಿನ ಪಕ್ಕದಲ್ಲಿ ರಸ್ತೆ ಕಂಡಿತಂತೆ. ಅವತ್ತಿನಿಂದ ಇವರಿಗೆ ತುಕ್ಕಿನ ಮೇಲೆ ವೈರ. ಊರಿಗೆ ಬರುವಾಗ ಅಲ್ಲೇ ಕೊಂಡ ಹಳೆಯ ಬಿಳಿ ಕಾರನ್ನೂ ತಂದರು, ಆ ವೈರವನ್ನೂ ತಂದರು.

ಕಲಬುರಗಿಯ ಬಿಸಿಲು ನಿಮಗೆ ಗೊತ್ತಲ್ಲ. ಹಪ್ಪಳ ಹಾಕಿ ಒಳಗೆ ಹೋಗಿ ಬರುವಷ್ಟರಲ್ಲಿ ಒಣಗಿರುತ್ತದೆ. ಇಂಥ ಊರಲ್ಲಿ ಪ್ರತಿ ಭಾನುವಾರ ಇವರು ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗುತ್ತಿದ್ದರು. ಪೈಪು ಹಿಡಿದು ಹೊಟ್ಟೆ ತೊಳೆಯುವರು. ಒಣಗಿದ ಮೇಲೆ ಬ್ರೇಕು, ಸೈಲೆನ್ಸರ್ ಬಿಟ್ಟು ಉಳಿದ ಕಡೆಗೆಲ್ಲ ಕಪ್ಪು ಎಣ್ಣೆ ಬಳಿಯುವರು. ಕೊನೆಗೆ ನನ್ನ ಕಸಬರಿಗೆಯಿಂದ ಒಂದು ಕಡ್ಡಿ ಕೀಳುವರು. ಕಾರಿನ ಬಾಗಿಲುಗಳ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ನೀವು ಬಗ್ಗಿ ನೋಡಿರಲಿಕ್ಕಿಲ್ಲ. ಅಲ್ಲಿಯವರೆಗೆ ನಾನೂ ನೋಡಿರಲಿಲ್ಲ. ಅವುಗಳಲ್ಲಿ ಕಡ್ಡಿಯಾಡಿಸಿ ಧೂಳು ತೆಗೆದು, ತುದಿಗೆ ಹತ್ತಿ ಸುತ್ತಿ ಒಳಗೂ ಎಣ್ಣೆ ಮುಟ್ಟಿಸುವರು. ಅಲ್ಲಿಗೆ ಅವರ ಕೆಲಸ ಮುಗಿದು, ಬನಿಯನ್ನಿನ ಕಪ್ಪು ಕಲೆಗಳ ಜೊತೆ ನನ್ನದು ಶುರುವಾಗುತ್ತಿತ್ತು.

ಪಕ್ಕದ ಮನೆಯ ಆಪಾ ಗೋಡೆಯ ಮೇಲಿಂದ ಇಣುಕಿ ಕೇಳುವರು: "ಕ್ಯಾ ಭಾಯಿಸಾಬ್, ಗುಲಬರ್ಗಾದಾಗ ಬರ್ಫ್ ಬೀಳಾಕತ್ತದೇನ್ರೀ?"

ಇವರು ಕಾರಿನ ಕೆಳಗಿಂದಲೇ, "ಬಿದ್ದಮ್ಯಾಗ ತೊಳದರ ತಡ ಆಗ್ತದ್ರೀ ಆಪಾ."

ನಗುವವರ ಸಾಲಿನಲ್ಲಿ ನಾನೂ ಇದ್ದೆ ಅನ್ನಿ. ಹಿಮವಿಲ್ಲದ ಊರಲ್ಲಿ ಇದೆಲ್ಲ ಯಾಕೆಂದು ಒಮ್ಮೆ ಕೇಳಿಯೂಬಿಟ್ಟೆ. "ನೀರು ಎಲ್ಲಾ ಕಡಿ ಬರ್ತದ," ಎಂದರು. "ಬರಲಿ. ನಿಲ್ಲಬಾರ್ದು, ಅಷ್ಟ."

ಕಮಲಾಪುರದ ನನ್ನ ತವರಿಗೆ ಆ ಕಾರಿನಲ್ಲೇ ಹೋಗಿಬರುತ್ತಿದ್ದೆವು. ಆ ರಸ್ತೆಯಲ್ಲೇ ನನಗೂ ಓಡಿಸಲು ಕಲಿಸಿದರು. ಕಮಲಾಪುರದ ಬಾಳೆಹಣ್ಣೂ ಕೆಂಪು, ಮಣ್ಣೂ ಕೆಂಪು. ಬರುವಾಗ ಎರಡೂ ಕಾರು ಹತ್ತಿ ಬರುತ್ತಿದ್ದವು. "ಮಾವಾರು ಕಾರಿನ ಹೊಟ್ಟಿ ತೊಳೀತಾರ, ಮಾರಿ ತೊಳ್ಯಂಗಿಲ್ಲ," ಎಂದು ನನ್ನ ತಮ್ಮ ಇವರನ್ನು ಆಡಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಮೇಲಿನ ಬಣ್ಣ ಮಾಸಿಯೇ ಹೋಗಿತ್ತು.

ಹೋದ ವರ್ಷ ಇವರು ತೀರಿಕೊಂಡರು. ಕಾರು ಕಣ್ಣೆದುರು ನಿಂತಿರುವುದನ್ನು ನೋಡಲಾಗುತ್ತಿರಲಿಲ್ಲ. ತಮ್ಮ ಅದನ್ನು ಕಮಲಾಪುರಕ್ಕೆ ಒಯ್ದು ಇಟ್ಟುಕೊಂಡ. ಈಚೆಗೆ ಅದರ ಕಾಗದಪತ್ರದ ಅವಧಿ ಮುಗಿಯುತ್ತ ಬಂತು. ತಳ ಗಟ್ಟಿಯಿದ್ದರಷ್ಟೇ ಆರ್‌ಟಿಓದವರು ಮತ್ತೆ ಓಡಿಸಲು ಬಿಡುತ್ತಾರೆ, ತುಕ್ಕು ಹಿಡಿದಿದ್ದರೆ ಗುಜರಿಯೇ ಗತಿ. ಹಳೇ ಗಾಡಿ, ಗುಜರಿಗೆ ಹಾಕಿಬಿಡು ಎಂದರು ನೆಂಟರು. ಇವರ ಭಾನುವಾರಗಳನ್ನೆಲ್ಲ ತೂಕಕ್ಕೆ ಹಾಕಿದಂತೆ ಅನ್ನಿಸಿತು ನನಗೆ. ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ತಾಡಪತ್ರಿ ಸರಿಸಿದರೆ ಕಾರು ಮದುಮಗನಂತೆ ಹೊಳೆಯುತ್ತಿತ್ತು. ಮಾವನ ಗಾಡಿಯೆಂಬ ಭಕ್ತಿಯಿಂದ ತಮ್ಮ ಪ್ರತಿ ಅಮಾವಾಸ್ಯೆಗೆ ಕೊಡಗಟ್ಟಲೆ ನೀರು ಸುರಿದು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದ. ಬಾಗಿಲು ತೆರೆದೆ. ಬಾಗಿಲಿನೊಳಗೆ ನೀರು ಕುಲುಕಿದ ಸದ್ದಾಯಿತು. ಬಗ್ಗಿ ನೋಡಿದರೆ ಅಡಿಯ ತೂತುಗಳೇ ಇರಲಿಲ್ಲ.

"ನಾನೇ ಮುಚ್ಚೀನಿ ಅಕ್ಕಾ," ಎಂದ ತಮ್ಮ, ಶಾಭಾಸ್ ಅನ್ನಿಸಿಕೊಳ್ಳಲು ನಿಂತವನಂತೆ. "ಪೈಪಿಗೆ ಹಚ್ಚೂ ಅಂಟು ಮೆತ್ತೀನಿ. ಇನ್ನ ಧೂಳು ಬರಂಗಿಲ್ಲ ನೋಡು."

ಸ್ಕ್ರೂಡ್ರೈವರಿನಿಂದ ಅಂಟು ಕೆದರಿ, ಅವನ ಮನೆಯ ಕಸಬರಿಗೆಯಿಂದಲೇ ಕಡ್ಡಿ ಕಿತ್ತು ತೂತಿಗೆ ಹಾಕಿದೆ. ನೀರು ಸುರಿಯಿತು, ಇಟ್ಟಿಗೆಯಷ್ಟು ಕೆಂಪಗೆ.

"ಜಂಗ್ ಹಿಡದದ," ತಮ್ಮನ ಧ್ವನಿ ಕುಸಿಯಿತು. "ಮಾವಾರ ಗಾಡಿ ನಾನೇ ಕೆಡಿಸಿದೆ."

ತುಕ್ಕಿಗೆ ನಮ್ಮ ಕಡೆ ಜಂಗ್ ಅನ್ನುತ್ತಾರೆ. ಆ ಕೆಂಪು ನೀರನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ನುಣ್ಣಗಿತ್ತು, ಹೊಲದ ಕೆಸರಿನ ಹಾಗೆ. ಕಡ್ಡಿಗೆ ಹತ್ತಿ ಸುತ್ತಿ ಒಳಗೆಲ್ಲ ಆಡಿಸಿ ಹೊರತೆಗೆದೆ. ಹತ್ತಿ ಕಪ್ಪಾಗಿತ್ತು. ಉಳಿದ ಬಾಗಿಲುಗಳಲ್ಲೂ ಕಪ್ಪು. ಮೂಗಿನ ಹತ್ತಿರ ಹಿಡಿದೆ. ಭಾನುವಾರದ ಬನಿಯನ್ನಿನ ವಾಸನೆ.

"ಇದು ನಿಮ್ಮೂರ ಮಣ್ಣು, ಜಂಗ್ ಅಲ್ಲ," ಎಂದೆ. "ನಿನ್ನಂಥಾಂವ ಒಬ್ಬ ಇರ್ತಾನಂತ ಗೊತ್ತಿದ್ದೇ ನಿಮ್ಮ ಮಾವ ಎಣ್ಣಿ ಹಚ್ಯಾರ."

ಅವನು ನಕ್ಕ, ನಗುತ್ತಲೇ ಅತ್ತ. ನೀರೆಲ್ಲ ಇಳಿಯುವ ತನಕ ಇಬ್ಬರೂ ನೆಲದ ಮೇಲೆ ಕೂತಿದ್ದೆವು.

ಆರ್‌ಟಿಓ ಕಚೇರಿಗೆ ನಾನೇ ಓಡಿಸಿಕೊಂಡು ಹೋದೆ. ಅಲ್ಲಿಯ ಸಾಹೇಬರು ಟಾರ್ಚ್ ಹಾಕಿ ಕಾರಿನ ಕೆಳಗೆ ನೋಡಿದರು, ಅಲ್ಲಲ್ಲಿ ಬಡಿದು ನೋಡಿದರು. ಎದ್ದು ಕೈ ಒರೆಸಿಕೊಳ್ಳುತ್ತ, "ಯಾವ ಗ್ಯಾರೇಜಿನಾಗ ಮಾಡಿಸೀರಿ ಅಮ್ಮಾ?" ಎಂದರು.

"ನಮ್ಮ ಮನ್ಯಾಗ್ರೀ," ಎಂದೆ. ಯಾವ ಕಚೇರಿಯಲ್ಲೂ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ.

ಕಾರನ್ನು ಮತ್ತೆ ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದೆ. ಇವತ್ತು ಭಾನುವಾರ. ಅಂಗಳ ಗುಡಿಸಿದ ಮೇಲೆ ಗೋಣಿಚೀಲ ಹಾಸಿದೆ. ಸೀರೆ ಉಟ್ಟು ಕಾರಿನ ಕೆಳಗೆ ಹೋಗುವ ವಿದ್ಯೆ ನನಗಿನ್ನೂ ಪೂರ್ತಿ ಬಂದಿಲ್ಲ. ಅರ್ಧ ತೊಳೆಯುವಷ್ಟರಲ್ಲಿ ಕಾರಿಗಿಂತ ನಾನೇ ಹೆಚ್ಚು ನೆಂದಿರುತ್ತೇನೆ. ಬಡಕಲು ಕಸಬರಿಗೆಗೆ ಕೈಚಾಚಿದಾಗ ಗೋಡೆಯ ಮೇಲೆ ಆಪಾ ಅವರ ಮುಖ ಕಂಡಿತು. ಬರ್ಫಿನ ಮಾತು ಬರುತ್ತದೆಂದು ಕಾದೆ. ಇವರ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು.

ಆಪಾ ತಮ್ಮ ಮನೆಯ ಕಸಬರಿಗೆಯನ್ನು ಗೋಡೆಯ ಈಚೆಗೆ ಇಳಿಬಿಟ್ಟರು.

"ನಿಂದು ಮುಗೀಲಾಕ ಬಂದದ," ಎಂದರು. "ಇವತ್ತ ನಂದರಾಗಿಂದ ಕೀಳು."